ಲಿನಕ್ಸ್ ಕೈಕೊಟ್ಟರೆ ಫಾರ್ಮ್ಯಾಟ್ ಹೊಡೆಯುವ ಮೊದಲು ಏನು ನೋಡಬೇಕು?

ಗದಗ ಪ್ರೆಸ್

ನಮಸ್ಕಾರ ಎಲ್ಲರಿಗೂ. ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ನಮ್ಮ ಹಳೆ ಮಷೀನ್‌ಗಳಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ವಿಂಡೋಸ್ 11 ಕೂರುವುದಿಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಂಡೆವು. ಇಲ್ಲಿಯವರೆಗೆ ಚೆನ್ನಾಗಿಯೇ ಇತ್ತು.

ನಿನ್ನೆ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಹಿಡಿಯಲಿಲ್ಲ. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಕಪ್ಪು ಸ್ಕ್ರೀನ್. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು, ಕೊನೆಗೆ ಬ್ರಾಕೆಟ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಅಂತ ಬಂದು ಕರ್ಸರ್ ಮಿಣಕ್ ಮಿಣಕ್ ಅನ್ನುತ್ತಿದೆ. ಪಕ್ಕದ ಅಂಗಡಿಯವರು ಫಾರ್ಮ್ಯಾಟ್ ಹೊಡೆಯಿರಿ ಅನ್ನುತ್ತಿದ್ದಾರೆ. ಅದರಲ್ಲಿ ಗಿರಾಕಿಗಳ ಪತ್ರಿಕೆ ಫೈಲ್‌ಗಳಿವೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಹುಬ್ಬಳ್ಳಿ ಸರ್ವರ್ ರೂಮ್

ಫಾರ್ಮ್ಯಾಟ್ ಹೊಡೆಯಬೇಡಿ ಸರ್. ನಿಮ್ಮ ಫೈಲ್‌ಗಳು ಬಹುತೇಕ ಹಾಗೇ ಇರುತ್ತವೆ. ಮಷೀನ್ ಏನು ಕೇಳುತ್ತಿದೆ ಅಂತ ಮೊದಲು ಓದೋಣ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ದೊಡ್ಡ ಅಕ್ಷರ ಬೇಕಾದ ಕಡೆ ನಾನೇ ಹೇಳುತ್ತೇನೆ.

ಆ ಕರ್ಸರ್ ಮುಂದೆ ಸುಮ್ನೆ ಹೀಗೆ ಹೊಡೆದು ಎಂಟರ್ ಒತ್ತಿ:

ಎಕ್ಸಿಟ್

ಆಗ ಮತ್ತೆ ಮೆಸೇಜ್ ಬರುತ್ತದೆ. ಅದರಲ್ಲಿ "ಎಫ್‌ಎಸ್‌ಸಿಕೆಯನ್ನು ಕೈಯಿಂದ ಓಡಿಸಿ" ಅನ್ನುವ ಅರ್ಥದ ಸಾಲು ಇರುತ್ತದೆ, ಅದು ಡಿಸ್ಕಿನ ಫೈಲ್ ಲೆಕ್ಕ ಪರೀಕ್ಷಿಸಿ ಸರಿಮಾಡುವ ಕಮಾಂಡ್. ಅದೇ ಜಾಗದಲ್ಲಿ ಪಾರ್ಟಿಶನ್ (ಡಿಸ್ಕಿನ ಭಾಗ) ಹೆಸರೂ ಇರುತ್ತದೆ. ಹಾರ್ಡ್ ಡಿಸ್ಕ್ ಆದರೆ /ಡೆವ್/ಎಸ್‌ಡಿಎ2 ತರಹದ್ದು. ಎನ್‌ವಿಎಂಇ ಅನ್ನುವ ಹೊಸ ತರಹದ ಡಿಸ್ಕ್ ಆದರೆ ಹೆಸರು ಸ್ವಲ್ಪ ಉದ್ದ ಇರುತ್ತದೆ. ನನ್ನ ಉದಾಹರಣೆ ನೋಡಿ ಹೊಡೆಯಬೇಡಿ, ನಿಮ್ಮ ಸ್ಕ್ರೀನ್ ಮೇಲಿನ ಹೆಸರನ್ನೇ ಹೊಡೆಯಿರಿ:

ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2

ಮೈನಸ್ ವೈ ಅಂದರೆ ಅದು ಕೇಳುವ ಪ್ರತಿ ಪ್ರಶ್ನೆಗೂ ಹೌದು ಅಂತ ಉತ್ತರ. ಮುಗಿದ ಮೇಲೆ ಮತ್ತೆ ಎಕ್ಸಿಟ್ ಕೊಡಿ, ಮಷೀನ್ ಮುಂದೆ ಹೋಗುತ್ತದೆ.

ಒಂದು ಎಚ್ಚರಿಕೆ. ಡಿಸ್ಕ್‌ನಿಂದ ಕಟಕಟ ಸದ್ದು ಬರುತ್ತಿದ್ದರೆ, ಅಥವಾ ಸ್ಕ್ರೀನ್ ಮೇಲೆ "ಐಒ ಎರರ್" ಅಂತ ಸಾಲುಸಾಲಾಗಿ ಬರುತ್ತಿದ್ದರೆ ಇದನ್ನು ಓಡಿಸಬೇಡಿ. ಆಗ ಮೊದಲು ಡೇಟಾ ಹೊರಗೆ ತೆಗೆಯಬೇಕು. ಸಾಯುತ್ತಿರುವ ಡಿಸ್ಕ್ ಮೇಲೆ ರಿಪೇರಿ ಮಾಡಿದರೆ ಇದ್ದದ್ದೂ ಹೋಗುತ್ತದೆ.

ಧಾರವಾಡ ಸಪ್ತಾಪುರ

ಸರ್, ನಾನು ವಿದ್ಯಾರ್ಥಿ. ಹೊಸಬರಿಗೆ ಇಷ್ಟೆಲ್ಲಾ ಯಾಕೆ? ಮಿಂಟ್ ಮರು ಹಾಕಲು ಅರ್ಧ ಗಂಟೆ ಸಾಕಲ್ವಾ?

ಹುಬ್ಬಳ್ಳಿ ಸರ್ವರ್ ರೂಮ್

ತಮ್ಮಾ, ನಿನ್ನ ಲ್ಯಾಪ್‌ಟಾಪ್ ಆದರೆ ಸಾಕು. ಅವರದ್ದು ಅಂಗಡಿ. ಫಾಂಟ್, ಪ್ರಿಂಟರ್, ಕೀಬೋರ್ಡ್, ಹಳೆ ಫೈಲ್ ಎಲ್ಲಾ ಮತ್ತೆ ಕೂರಿಸಬೇಕು. ಅದಕ್ಕಿಂತ ಮುಖ್ಯ ಅಂದರೆ, ಕಾರಣ ಗೊತ್ತಾಗದೆ ಫಾರ್ಮ್ಯಾಟ್ ಹೊಡೆದರೆ ಮುಂದಿನ ಮಳೆಗೆ ಅದೇ ಸ್ಕ್ರೀನ್ ಮತ್ತೆ ಬರುತ್ತದೆ. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಎಕ್ಸ್‌ಟ್4 ಅನ್ನುವ ವ್ಯವಸ್ಥೆಯಲ್ಲಿ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ ಇರುತ್ತದೆ. ಕರೆಂಟ್ ಹೋದರೂ ಸಾಮಾನ್ಯವಾಗಿ ಬೂಟ್ ಆಗುವಾಗ ತಾನೇ ಸರಿಮಾಡಿಕೊಳ್ಳುತ್ತದೆ. ಕೈಯಿಂದ ಮಾಡಿ ಅಂತ ಕೇಳಿದೆ ಅಂದರೆ ಡಿಸ್ಕ್ ಕಡೆ ಒಮ್ಮೆ ಅನುಮಾನದಿಂದ ನೋಡಲೇಬೇಕು.

ಗದಗ ಪ್ರೆಸ್

ಆಯಿತು ಸರ್! ಎರಡು ಸ್ಕ್ರೀನ್ ತುಂಬ "ಫಿಕ್ಸ್ಡ್" ಅಂತ ಓಡಿತು, ಆಮೇಲೆ ಡೆಸ್ಕ್‌ಟಾಪ್ ಬಂತು. ಫೈಲ್‌ಗಳೆಲ್ಲಾ ಇವೆ. ತುಂಬಾ ಉಪಕಾರವಾಯಿತು. ಡಿಸ್ಕ್ ಹೇಗೆ ನೋಡುವುದು?

ಹುಬ್ಬಳ್ಳಿ ಸರ್ವರ್ ರೂಮ್

ಸಂತೋಷ ಸರ್. ಡಿಸ್ಕ್ ಆರೋಗ್ಯ ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ಇದನ್ನು ಓಡಿಸಿ. ಮೊದಲಿನ ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ:

ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ

ದೊಡ್ಡ ಪಟ್ಟಿ ಬರುತ್ತದೆ. ಮೇಲೆ "ಪಾಸ್ಡ್" ಅಂತ ಇದ್ದರೆ ಅಷ್ಟಕ್ಕೇ ಬಿಡಬೇಡಿ, ಕೆಡುತ್ತಿರುವ ಡಿಸ್ಕ್ ಕೂಡ ಎಷ್ಟೋ ಸಲ ಪಾಸ್ಡ್ ಅನ್ನುತ್ತದೆ. ಎಡಗಡೆ ನಂಬರ್ ನೋಡಿಕೊಂಡು 5, 197, 199 ಈ ಮೂರು ಸಾಲು ಹುಡುಕಿ. ಪ್ರತಿ ಸಾಲಿನ ಬಲತುದಿಯ ಅಂಕಿಯನ್ನು ಓದಿ.

5 ಅಂದರೆ ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ಖಾನೆಗಳ) ಬದಲಿಗೆ ಬೇರೆಯವನ್ನು ಬಳಸಿದ ಲೆಕ್ಕ. 197 ಅಂದರೆ ಸದ್ಯ ಓದಲು ಬರದೆ ಕಾದು ಕೂತಿರುವ ಸೆಕ್ಟರ್‌ಗಳು. 197ರಲ್ಲಿ ಸೊನ್ನೆ ಬಿಟ್ಟು ಏನಿದ್ದರೂ ಇವತ್ತೇ ಫೈಲ್ ಕಾಪಿ ಮಾಡಿಕೊಳ್ಳಿ. 199 ಏರುತ್ತಿದ್ದರೆ ಬಹಳ ಸಲ ತಪ್ಪು ಡಿಸ್ಕ್‌ದಲ್ಲ, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ದು. ಕೇಬಲ್ ಬದಲಿಸಿ ನೋಡಿ. ಒಳ್ಳೆಯ ಡಿಸ್ಕ್‌ಗಳನ್ನು ಕೇಬಲ್ ತಪ್ಪಿಗೆ ಜನ ಬಿಸಾಡುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಗದಗ ಪ್ರೆಸ್

5ರಲ್ಲಿ 0, 197ರಲ್ಲಿ 0, 199ರಲ್ಲಿ 212.

ಹುಬ್ಬಳ್ಳಿ ಸರ್ವರ್ ರೂಮ್

ಹಾಗಾದರೆ ಡಿಸ್ಕ್ ಗಟ್ಟಿ ಇದೆ. ಕೇಬಲ್ ಬದಲಿಸಿ. 212 ಕಡಿಮೆ ಆಗುವುದಿಲ್ಲ, ಅದು ಹಳೆ ಲೆಕ್ಕ. ಮುಂದೆ ಏರದಿದ್ದರೆ ಸಾಕು. ಜೊತೆಗೆ ಯುಪಿಎಸ್ ಬ್ಯಾಟರಿ. ನಿಮ್ಮ ಯುಪಿಎಸ್ ಹಿಂದೆ ಯುಎಸ್‌ಬಿ ಪೋರ್ಟ್ ಇದ್ದರೆ ನಟ್ ಅನ್ನುವ ಪ್ಯಾಕೇಜ್ ಇದೆ, ಬ್ಯಾಟರಿ ತಳ ಮುಟ್ಟಿದಾಗ ಮಷೀನನ್ನು ತಾನೇ ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ಅಂಗಡಿಯಲ್ಲಿ ಮನೆ ಇನ್ವರ್ಟರ್ ಇದ್ದವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬದಲಾಗುವ ಆ ಕ್ಷಣದಲ್ಲಿ ಸಿಪಿಯು ರೀಸ್ಟಾರ್ಟ್ ಆಗುತ್ತದೆ.

ಹಾವೇರಿ ಲ್ಯಾಬ್ ಟೀಚರ್

ಇಲ್ಲೇ ನನ್ನದೂ ಕೇಳಿಬಿಡುತ್ತೇನೆ. ಹಾವೇರಿ ಹತ್ತಿರದ ಹೈಸ್ಕೂಲು, ಲ್ಯಾಬ್‌ನಲ್ಲಿ ಹಳೆ ಡೆಸ್ಕ್‌ಟಾಪ್‌ಗಳಿಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿಸಿದ್ದೇವೆ. ರಜೆ ಮುಗಿದು ಬಂದು ನೋಡಿದರೆ ಕೆಲವು ಮಷೀನ್‌ಗಳಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, "ಸಂಪರ್ಕ ಸುರಕ್ಷಿತವಲ್ಲ" ಅನ್ನುತ್ತದೆ. ಅಪ್‌ಡೇಟ್ ಕೊಟ್ಟರೆ "ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನುವ ಎರರ್. ಪಕ್ಕದ ಮಷೀನ್ ಅದೇ ನೆಟ್‌ನಲ್ಲಿ ಚೆನ್ನಾಗಿದೆ. ವೈರಸ್ ಇರಬಹುದಾ?

ಧಾರವಾಡ ಸಪ್ತಾಪುರ

ಮೇಡಂ, ಆ ಮಷೀನ್‌ಗಳಲ್ಲಿ ಮೂಲೆಯಲ್ಲಿರುವ ತಾರೀಖು ನೋಡಿ.

ಹಾವೇರಿ ಲ್ಯಾಬ್ ಟೀಚರ್

ಅಯ್ಯೋ, 2015ರ ಜನವರಿ 1 ತೋರಿಸುತ್ತಿದೆ!

ಧಾರವಾಡ ಸಪ್ತಾಪುರ

ಅದೇ ಕಾರಣ ಮೇಡಂ, ವೈರಸ್ ಅಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದ ಗಾತ್ರದ ಬ್ಯಾಟರಿ ಇರುತ್ತದೆ, ಸಿಆರ್2032. ರಜೆಯಲ್ಲಿ ಪ್ಲಗ್ ತೆಗೆದಿಟ್ಟಾಗ ಗಡಿಯಾರ ನಡೆಸುವುದು ಅದೇ. ಅದು ಖಾಲಿಯಾದರೆ ತಾರೀಖು ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗೆ ಈ ದಿನದಿಂದ ಈ ದಿನದವರೆಗೆ ಅಂತ ಅವಧಿ ಇರುತ್ತದೆ. ಮಷೀನ್ 2015ರಲ್ಲಿದ್ದರೆ ಅದಕ್ಕೆ ಎಲ್ಲಾ ಸರ್ಟಿಫಿಕೇಟೂ ಇನ್ನೂ ಹುಟ್ಟೇ ಇಲ್ಲ. ಅಪ್‌ಡೇಟ್ ಎರರ್‌ಗೂ ಅದೇ ಕಾರಣ.

ಬ್ಯಾಟರಿ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಆಮೇಲೆ ಪ್ರತಿ ಮಷೀನ್‌ನಲ್ಲಿ:

ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ

ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ

ಏಷ್ಯಾ, ಕೋಲ್ಕತಾ ಎರಡರಲ್ಲೂ ಮೊದಲ ಅಕ್ಷರ ದೊಡ್ಡದು. ನೆಟ್ ಇದ್ದರೆ ಸಮಯ ತಾನೇ ಸರಿಹೋಗುತ್ತದೆ.

ಗಡಿಯಾರದ್ದೇ ಇನ್ನೊಂದು ಕಾಟ ಹೇಳುತ್ತೇನೆ, ನಮ್ಮ ಹಾಸ್ಟೆಲ್‌ನಲ್ಲಿ ಡ್ಯುಯಲ್ ಬೂಟ್ (ಒಂದೇ ಮಷೀನ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ) ಮಾಡಿಕೊಂಡವರೆಲ್ಲಾ ಕೇಳುತ್ತಾರೆ. ಲಿನಕ್ಸ್‌ಗೆ ಹೋಗಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ನಮ್ಮ ಸಮಯ ಜಾಗತಿಕ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಬರೆದಿಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಂಡು ಓದುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಕೊಟ್ಟರೆ ಜಗಳ ಮುಗಿಯುತ್ತದೆ:

ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1

ಇದು ಒಳ್ಳೆಯದಲ್ಲ ಅಂತ ಅದೇ ಕಮಾಂಡ್ ಎಚ್ಚರಿಕೆ ಕೊಡುತ್ತದೆ. ಬೇಸಿಗೆಗೆ ಗಡಿಯಾರ ಒಂದು ಗಂಟೆ ತಿರುಗಿಸುವ ದೇಶಗಳಲ್ಲಿ ಅದರಿಂದ ಗೊಂದಲ ಆಗುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ಮನೆ ಲ್ಯಾಪ್‌ಟಾಪ್‌ಗೆ ನಡೆಯುತ್ತದೆ.

ರಾಣೇಬೆನ್ನೂರು ಲೆಕ್ಕಪತ್ರ

ಡ್ಯುಯಲ್ ಬೂಟ್ ಮಾತು ಬಂತು. ನನ್ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ತೆರೆಯುತ್ತದೆ, ಆದರೆ ಏನೂ ಸೇವ್ ಆಗುವುದಿಲ್ಲ. ರೀಡ್ ಓನ್ಲಿ ಅನ್ನುತ್ತದೆ. ಯಾರೋ ಎಲ್ಲದಕ್ಕೂ 777 ಪರ್ಮಿಷನ್ ಕೊಡಿ ಅಂದರು.

ಹುಬ್ಬಳ್ಳಿ ಸರ್ವರ್ ರೂಮ್

ಬೇಡ ಸರ್. 777 ಅಂದರೆ ಯಾರು ಬೇಕಾದರೂ ಬರೆಯಬಹುದು, ಓಡಿಸಬಹುದು ಅಂತ. ಅದು ಮನೆ ಬಾಗಿಲು ತೆಗೆದಿಟ್ಟು ಊರಿಗೆ ಹೋದ ಹಾಗೆ. ಎಲ್ಲೂ ಅದು ಸರಿಯಾದ ಉತ್ತರ ಅಲ್ಲ. ನಿಮ್ಮ ವಿಷಯಕ್ಕಂತೂ ಸಂಬಂಧವೇ ಇಲ್ಲ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇದೆ. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಡ್ರೈವ್ ಇನ್ನೂ ವಿಂಡೋಸ್ ಕೈಯಲ್ಲಿದೆ ಅಂತ ಗುರುತು ಉಳಿದಿರುತ್ತದೆ. ಲಿನಕ್ಸ್ ಅದನ್ನು ನೋಡಿ, ಬರೆದರೆ ಕೆಡಬಹುದು ಅಂತ ಓದಲು ಮಾತ್ರ ಬಿಡುತ್ತದೆ. ವಿಂಡೋಸ್‌ಗೆ ಹೋಗಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

ಪವರ್‌ಸಿಎಫ್‌ಜಿ /ಎಚ್ ಆಫ್

ಆಮೇಲೆ ಶಟ್‌ಡೌನ್ ಮಾಡಿ ಲಿನಕ್ಸ್‌ಗೆ ಬನ್ನಿ. ಒಂದೇ ಸಲಕ್ಕೆ ಬೇಕಿದ್ದರೆ ವಿಂಡೋಸ್‌ನಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟರೂ ಸಾಕು. ರೀಸ್ಟಾರ್ಟ್ ಪೂರ್ತಿ ಮುಚ್ಚುತ್ತದೆ.

ವಿದ್ಯಾನಗರ ಹುಡುಗ

ಸಾಫ್ಟ್‌ವೇರ್ ಹಾಕಲು ಹೋದರೆ "ಲಾಕ್ ಸಿಗಲಿಲ್ಲ" ಅಂತ ಬಂದರೆ ಆ ಲಾಕ್ ಫೈಲ್ ಡಿಲೀಟ್ ಮಾಡಿಬಿಡಿ. ನಾನು ಹಾಗೇ ಮಾಡುತ್ತೇನೆ.

ಧಾರವಾಡ ಸಪ್ತಾಪುರ

ಅಣ್ಣಾ, ಅದೊಂದು ಮಾಡಬೇಡಿ. ಲಾಕ್ ಇದೆ ಅಂದರೆ ಹಿಂದೆ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ. ಉಬುಂಟುವಿನಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ಗಳು ನಮಗೆ ಹೇಳದೆ ತಾವೇ ಓಡುತ್ತವೆ. ಲಾಕ್ ಕಿತ್ತರೆ ಇಬ್ಬರೂ ಒಂದೇ ಕಡತದಲ್ಲಿ ಒಟ್ಟಿಗೆ ಬರೆಯುತ್ತಾರೆ, ಪ್ಯಾಕೇಜ್ ಲೆಕ್ಕವೇ ಕೆಡುತ್ತದೆ. ಚಹಾ ಕುಡಿದು ಬನ್ನಿ, ಬಹಳ ಸಲ ಅಷ್ಟರಲ್ಲಿ ಮುಗಿದಿರುತ್ತದೆ. ಯಾರು ಹಿಡಿದಿದ್ದಾರೆ ಅಂತ ನೋಡಬೇಕಾದರೆ:

ಸುಡೋ ಎಲ್‌ಎಸ್‌ಒಎಫ್ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್ಎಂಡ್

ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಮೊದಲು ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ, ಆಮೇಲೆ ಸುಡೋ ಎಪಿಟಿ -ಎಫ್ ಇನ್‌ಸ್ಟಾಲ್. ಈ ಎರಡರಲ್ಲೇ ಹೆಚ್ಚಿನವು ಸರಿಹೋಗುತ್ತವೆ.

ಕೋಚಿಂಗ್ ಸೈಟ್ ನೋಡಿಕೊಳ್ಳುವವನು

ನನ್ನದು ಸರ್ವರ್ ಪ್ರಶ್ನೆ. ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನ ಟೆಸ್ಟ್ ಸೈಟ್, ಬಾಡಿಗೆ ವಿಪಿಎಸ್ (ಹೋಸ್ಟಿಂಗ್ ಕಂಪನಿಯ ವರ್ಚುವಲ್ ಸರ್ವರ್) ಮೇಲೆ ಇದೆ. ಬೆಳಗ್ಗೆಯಿಂದ ಸೈಟ್ ಬಿದ್ದಿದೆ, ಮಕ್ಕಳು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಡಿಸ್ಕ್ 100 ಪರ್ಸೆಂಟ್ ತುಂಬಿದೆ. 12 ಜಿಬಿಯ ಒಂದು ಲಾಗ್ ಫೈಲ್ ಸಿಕ್ಕಿತು, ಡಿಲೀಟ್ ಮಾಡಿದೆ. ಆದರೂ 100 ಪರ್ಸೆಂಟ್! ಎಲ್ಲಿ ಹೋಯಿತು ಜಾಗ?

ಹುಬ್ಬಳ್ಳಿ ಸರ್ವರ್ ರೂಮ್

ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಲಿನಕ್ಸ್‌ನಲ್ಲಿ ಡಿಲೀಟ್ ಅಂದರೆ ಫೈಲಿನ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಅಷ್ಟೇ. ಆ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದರೆ, ಅದು ಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ನಿಮ್ಮ ವೆಬ್ ಸರ್ವರ್ ಇನ್ನೂ ಆ ಹೆಸರಿಲ್ಲದ ಲಾಗ್‌ಗೆ ಬರೆಯುತ್ತಲೇ ಇದೆ. ನೋಡಿ:

ಸುಡೋ ಎಲ್‌ಎಸ್‌ಒಎಫ್ +ಎಲ್1

ಇಲ್ಲಿ ಪ್ಲಸ್ ನಂತರದ ಎಲ್ ದೊಡ್ಡಕ್ಷರ. ಡಿಲೀಟ್ ಆಗಿಯೂ ಯಾರದೋ ಕೈಯಲ್ಲಿರುವ ಫೈಲ್‌ಗಳು ಬರುತ್ತವೆ, ಹಿಡಿದ ಪ್ರೋಗ್ರಾಂ ಹೆಸರೂ ಇರುತ್ತದೆ. ಆ ಸರ್ವೀಸ್ ರೀಸ್ಟಾರ್ಟ್ ಮಾಡಿ, ಜಾಗ ಬಿಡುಗಡೆ ಆಗುತ್ತದೆ. ಮುಂದಿನ ಸಲ ಓಡುತ್ತಿರುವ ಲಾಗ್ ಡಿಲೀಟ್ ಮಾಡದೆ ಅದನ್ನು ಖಾಲಿ ಮಾಡಿ:

ಸುಡೋ ಟ್ರಂಕೇಟ್ -ಎಸ್ 0 ಫೈಲ್‌ಹೆಸರು

ಇದು ಬೇಗ ಆಗಲಿ, ಮಕ್ಕಳ ಟೆಸ್ಟ್ ಶುರುವಾಗಲಿ. ಆಮೇಲೆ ಉಳಿದದ್ದು ಓದಿ.

ಕೋಚಿಂಗ್ ಸೈಟ್ ನೋಡಿಕೊಳ್ಳುವವನು

ನಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಹಿಡಿದಿತ್ತು. ರೀಸ್ಟಾರ್ಟ್ ಮಾಡಿದೆ, 61 ಪರ್ಸೆಂಟ್‌ಗೆ ಇಳಿಯಿತು, ಸೈಟ್ ಬಂತು. ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಮುಂದೆ ಬರದ ಹಾಗೆ ಏನು ಮಾಡಬೇಕು?

ಹುಬ್ಬಳ್ಳಿ ಸರ್ವರ್ ರೂಮ್

ಯಾವ ಫೋಲ್ಡರ್ ತಿನ್ನುತ್ತಿದೆ ಅಂತ ನೋಡುವ ಕ್ರಮ ಇದು:

ಸುಡೋ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್

ದೊಡ್ಡದು ಕೆಳಗೆ ಬರುತ್ತದೆ. ಬಹಳ ಸಲ ಅದು /ವಾರ್ ಆಗಿರುತ್ತದೆ. ಮತ್ತೆ ಅದರೊಳಗೆ ಇದನ್ನೇ ಓಡಿಸಿ. ಹೀಗೆ ಮೂರು ಮೆಟ್ಟಿಲು ಇಳಿದರೆ ಕಳ್ಳ ಸಿಗುತ್ತಾನೆ.

ಸಿಸ್ಟಂ ತನ್ನ ಲಾಗ್ ಇಡುವ ಜರ್ನಲ್ (ಮೇಲಿನ ಎಕ್ಸ್‌ಟ್4 ಜರ್ನಲ್ ಅಲ್ಲ) ಹೆಚ್ಚೆಂದರೆ ಡಿಸ್ಕಿನ ಶೇಕಡಾ 10, ಅದೂ 4 ಜಿಬಿ ಮೀರದ ಹಾಗೆ ತಾನೇ ಮಿತಿ ಹಾಕಿಕೊಳ್ಳುತ್ತದೆ. ಸಣ್ಣ ವಿಪಿಎಸ್‌ಗೆ ಅದೂ ಜಾಸ್ತಿಯೇ. ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಕೊಟ್ಟರೆ ಹಳೆಯದು ಹೋಗುತ್ತದೆ. 200ರ ಮುಂದಿನ ಎಂ ದೊಡ್ಡಕ್ಷರ. ಎನ್‌ಜಿನ್‌ಎಕ್ಸ್ ಲಾಗ್‌ಗೆ ಲಾಗ್‌ರೊಟೇಟ್, ಅಂದರೆ ಹಳೆ ಲಾಗ್ ಆಗಾಗ ತೆಗೆಯುವ ಪ್ರೋಗ್ರಾಂ, ಸೆಟ್ ಇದೆಯಾ ನೋಡಿ. 12 ಜಿಬಿ ಆಗಿದೆ ಅಂದರೆ ಅದು ನಡೆಯುತ್ತಿಲ್ಲ, ಅಥವಾ ನಿಮ್ಮ ಲಾಗ್ ಬೇರೆ ಫೋಲ್ಡರ್‌ನಲ್ಲಿದೆ.

ಇನ್ನೊಂದು ವಿಚಿತ್ರ ಇದೆ. ಡಿಎಫ್ -ಎಚ್ ಜಾಗ ಇದೆ ಅನ್ನುತ್ತದೆ, ಆದರೂ ಫೈಲ್ ಬರೆಯಲು ಹೋದರೆ "ಜಾಗ ಇಲ್ಲ". ಆಗ ಡಿಎಫ್ -ಐ ಕೊಡಿ. ಅದು ಫೈಲ್‌ಗಳ ಸಂಖ್ಯೆಯ ಮಿತಿ ತೋರಿಸುತ್ತದೆ. ಪಿಎಚ್‌ಪಿ ಸೆಷನ್ ಫೈಲ್‌ಗಳು ಲಕ್ಷಗಟ್ಟಲೆ ಬಿದ್ದಿದ್ದರೆ ಒಂದೊಂದೂ ಚಿಕ್ಕದಾದರೂ ಲೆಕ್ಕ ಮುಗಿದುಹೋಗಿರುತ್ತದೆ.

ಡೇಟಾಬೇಸ್ ಪದೇಪದೇ ತಾನೇ ನಿಂತರೆ ಅದು ಡಿಸ್ಕ್ ಅಲ್ಲ, ಮೆಮೊರಿ ಇರಬಹುದು. ಸುಡೋ ಡಿಮೆಸ್ಗ್ -ಟಿ ಕೊಟ್ಟು "ಕಿಲ್ಡ್ ಪ್ರೋಸೆಸ್" ಅನ್ನುವ ಸಾಲು ಹುಡುಕಿ. ಟಿ ದೊಡ್ಡಕ್ಷರ. ರ‍್ಯಾಮ್ ಮುಗಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಜಾಸ್ತಿ ಮೆಮೊರಿ ತಿನ್ನುವ ಪ್ರೋಗ್ರಾಂನ್ನು ಕೊಂದು ಉಳಿದವರನ್ನು ಕಾಪಾಡುತ್ತದೆ.

ಕೋಚಿಂಗ್ ಸೈಟ್ ನೋಡಿಕೊಳ್ಳುವವನು

ಫೈರ್‌ವಾಲ್ ಕೂಡ ಇವತ್ತೇ ಹಾಕೋಣ ಅಂತಿದ್ದೇನೆ. ಯುಎಫ್‌ಡಬ್ಲ್ಯೂ ಎನೇಬಲ್ ಕೊಟ್ಟರೆ ಸಾಕಲ್ವಾ?

ಹುಬ್ಬಳ್ಳಿ ಸರ್ವರ್ ರೂಮ್

ತಡೆಯಿರಿ! ಮೊದಲು ಸುಡೋ ಯುಎಫ್‌ಡಬ್ಲ್ಯೂ ಅಲೌ ಓಪನ್‌ಎಸ್‌ಎಸ್‌ಎಚ್. ಅದು ದೂರದಿಂದ ಲಾಗಿನ್ ಆಗುವ ಬಾಗಿಲು. ಆ ಹೆಸರಿನಲ್ಲಿ ಓ ಮತ್ತು ಎಸ್‌ಎಸ್‌ಎಚ್ ದೊಡ್ಡಕ್ಷರ. ಆಮೇಲೆ ವೆಬ್‌ಸೈಟಿನ 80, 443 ಪೋರ್ಟ್‌ಗಳಿಗೂ ಅಲೌ ಕೊಡಿ. ಕೊನೆಗೆ ಎನೇಬಲ್. ಈಗ ತೆರೆದಿರುವ ವಿಂಡೋ ಮುಚ್ಚದೆ ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ನೋಡಿ. ಅದು ಬಂದರೆ ಮಾತ್ರ ಹಳೆಯದು ಮುಚ್ಚಿ. ದೂರದ ಸರ್ವರ್‌ನಲ್ಲಿ ಬಾಗಿಲು ಹಾಕಿಕೊಂಡರೆ ಒಳಗೆ ಹೋಗಲು ಬಾಡಿಗೆ ಕಂಪನಿಯ ಕನ್ಸೋಲ್ ಒಂದೇ ದಾರಿ.

ನಾನು ರೂಟ್ (ಪೂರ್ತಿ ಅಧಿಕಾರದ ಅಡ್ಮಿನ್) ಆಗಿ ಇದನ್ನೂ ಹಾಕಿಡುತ್ತೇನೆ, ಎಟ್ ಪ್ಯಾಕೇಜ್ ಬೇಕು:

ಎಕೋ "ಯುಎಫ್‌ಡಬ್ಲ್ಯೂ ಡಿಸೇಬಲ್" | ಎಟ್ ನೌ + 10 ಮಿನಿಟ್ಸ್

ಏನಾದರೂ ಎಡವಟ್ಟಾದರೆ 10 ನಿಮಿಷಕ್ಕೆ ಫೈರ್‌ವಾಲ್ ತಾನೇ ಇಳಿಯುತ್ತದೆ. ಎಲ್ಲಾ ಸರಿ ಇದ್ದರೆ ಎಟಿಆರ್‌ಎಂ ಕೊಟ್ಟು ಆ ಕೆಲಸ ರದ್ದು ಮಾಡಿ.

ಗದಗ ಪ್ರೆಸ್

ಕೇಬಲ್ ಬದಲಿಸಿದೆ. ಈಗ ಕನ್ನಡದ ಪ್ರಶ್ನೆ. ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆ ಫೈಲ್‌ಗಳು ಮಿಂಟ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮತ್ತೆ ಹೊಸದಾಗಿ ಟೈಪ್ ಮಾಡಲು ನಮ್ಮ ಹುಡುಗರಿಗೆ ಕೆಜಿಪಿ (ಕಗಪ) ಕೀಲಿಮಣೆಯೇ ಬೇಕು.

ಹಾವೇರಿ ಲ್ಯಾಬ್ ಟೀಚರ್

ಇದಕ್ಕೆ ನಾನು ಹೇಳುತ್ತೇನೆ ಸರ್, ಮಕ್ಕಳಿಗೆ ಹಾಕಿಕೊಟ್ಟಿದ್ದೇನೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವಾಗ ಕನ್ನಡದ ಕೆಳಗೆ ಕಗಪ ಫೊನೆಟಿಕ್ ಅಂತಲೇ ಇದೆ. ಬೇರೇನೂ ಹಾಕಬೇಕಿಲ್ಲ. ನುಡಿಯಲ್ಲಿ ಕೈ ಕುಳಿತವರಿಗೆ ಕೆಲವು ಕೀಲಿಗಳು ಬೇರೆ ಅನ್ನಿಸಿದರೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಅದರಲ್ಲೂ ಕನ್ನಡದ ಕೆಜಿಪಿ ಸಿಗುತ್ತದೆ. ಎರಡನ್ನೂ ಹೊಡೆದು ನೋಡಿ ಹುಡುಗರೇ ಆರಿಸಲಿ.

ಹಳೆ ಫೈಲ್‌ಗಳಲ್ಲಿ ಇರುವುದು ನಿಜವಾಗಿ ಕನ್ನಡ ಕೋಡ್ ಅಲ್ಲ, ಇಂಗ್ಲಿಷ್ ಕೋಡ್‌ಗೆ ಕನ್ನಡ ಆಕಾರ ತೊಡಿಸಿದ ಫಾಂಟ್. ನಿಮ್ಮ ಹತ್ತಿರವಿರುವ ಅದೇ ಫಾಂಟ್ ಫೈಲನ್ನು ಹೋಮ್‌ನಲ್ಲಿ .ಲೋಕಲ್/ಶೇರ್/ಫಾಂಟ್ಸ್ ಒಳಗೆ ಹಾಕಿ ಎಫ್‌ಸಿ-ಕ್ಯಾಶ್ -ಎಫ್ ಓಡಿಸಿದರೆ ಓದಲು ಬರುತ್ತದೆ. ಆದರೆ ಮುಂದೆ ಹುಡುಕಲು, ತಿದ್ದಲು ಯುನಿಕೋಡ್‌ಗೆ ಬದಲಿಸಿಕೊಳ್ಳುವುದೇ ಮೇಲು. ನುಡಿಯಲ್ಲೇ ಪರಿವರ್ತಕ ಇದೆ, ಹಳೆ ವಿಂಡೋಸ್ ಮಷೀನ್ ಒಂದನ್ನು ನೆಟ್ ಇಲ್ಲದೆ ಅದಕ್ಕಾಗಿ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಗಿರಾಕಿಗೆ ಎಷ್ಟು ನೋವು ಅಲ್ವಾ.

ಧಾರವಾಡ ಸಪ್ತಾಪುರ

ಪೇಜ್ ಕಟ್ಟಲು ಸ್ಕ್ರೈಬಸ್ ಬಳಸುವುದಾದರೆ 1.6 ಅಥವಾ ಹೊಸದು ಹಾಕಿ ಸರ್. ಹಳೆ 1.4ರಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಅದು ಫಾಂಟ್ ತಪ್ಪಲ್ಲ.

ಗದಗ ಪ್ರೆಸ್

ಇಬ್ಬರಿಗೂ ಧನ್ಯವಾದ. ಇನ್ನೊಂದು. ದಿನಾ ರಾತ್ರಿ ಹೊರಗಿನ ಡಿಸ್ಕ್‌ಗೆ ತಾನೇ ಬ್ಯಾಕಪ್ ಆಗಬೇಕು. ಬೂಟ್ ಆಗುವಾಗ ಡಿಸ್ಕ್ ಸೇರಿಸುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್ ಹಾಕಿ, ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಓಡಿಸಿದರೆ ಸಾಕಾ?

ಹುಬ್ಬಳ್ಳಿ ಸರ್ವರ್ ರೂಮ್

ಸಾಕು, ಮೂರು ಮಾತು ನೆನಪಿಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಅಂತ ಬರೆಯಬೇಡಿ, ಆ ಹೆಸರು ಬದಲಾಗುತ್ತದೆ. ಎಲ್‌ಎಸ್‌ಬಿಎಲ್‌ಕೆ -ಎಫ್ ತೋರಿಸುವ ಯುಯುಐಡಿ, ಅಂದರೆ ಆ ಪಾರ್ಟಿಶನ್‌ನದೇ ಗುರುತು ಸಂಖ್ಯೆ ಬರೆಯಿರಿ. ಆಪ್ಷನ್‌ನಲ್ಲಿ ನೋಫೇಲ್ ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಕಿತ್ತಿಟ್ಟ ದಿನ ಬೂಟ್ ಆಗುವಾಗ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ರೀಸ್ಟಾರ್ಟ್ ಮಾಡುವ ಮೊದಲು ಸುಡೋ ಫೈಂಡ್‌ಎಂಎನ್‌ಟಿ --ವೆರಿಫೈ ಕೊಟ್ಟು ತಪ್ಪಿದೆಯಾ ನೋಡಿ.

ಮೂರನೆಯದು ದೊಡ್ಡದು. ಡಿಸ್ಕ್ ಹಾಕಿಲ್ಲದ ರಾತ್ರಿಯೂ ಡಿಸ್ಕ್ ಸೇರಿಸಲು ಮಾಡಿಕೊಂಡ /ಬ್ಯಾಕಪ್ ಅನ್ನುವ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಆರ್‌ಸಿಂಕ್ ಅದರೊಳಗೇ ಎಲ್ಲಾ ಸುರಿಯುತ್ತದೆ. ನಿಮ್ಮ ಒಳಗಿನ ಡಿಸ್ಕ್ ತುಂಬುತ್ತದೆ, ಬ್ಯಾಕಪ್ ಮಾತ್ರ ಇರುವುದಿಲ್ಲ. ಅದಕ್ಕೆ ಹೀಗೆ ಬರೆಯಿರಿ:

ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ && ಆರ್‌ಸಿಂಕ್ -ಎ /ಹೋಮ್/ಪ್ರೆಸ್/ /ಬ್ಯಾಕಪ್/ಪ್ರೆಸ್/

ಡಿಸ್ಕ್ ನಿಜವಾಗಿ ಹಾಕಿದ್ದರೆ ಮಾತ್ರ ಮುಂದಿನದು ಓಡುತ್ತದೆ. ಡಿಲೀಟ್ ಆಪ್ಷನ್ ಸದ್ಯಕ್ಕೆ ಬೇಡ. ಮೊದಲ ಸಲ -ಎನ್ ಸೇರಿಸಿ ಓಡಿಸಿ, ಏನೂ ಬರೆಯದೆ ಸುಮ್ನೆ ಪರೀಕ್ಷೆ ಮಾಡುತ್ತದೆ. ಜೊತೆಗೆ -ವಿ ಹಾಕಿದರೆ ಯಾವ ಫೈಲ್ ಹೋಗಲಿದೆ ಅಂತ ಪಟ್ಟಿ ಕಾಣುತ್ತದೆ.

ಗದಗ ಪ್ರೆಸ್

ಪಟ್ಟಿ ಬಂತು ಸರ್, ಪತ್ರಿಕೆ ಫೋಲ್ಡರ್ ಎಲ್ಲಾ ಅದರಲ್ಲಿದೆ. -ಎನ್ ತೆಗೆದು ಓಡಿಸಿದ್ದೇನೆ, ಕಾಪಿ ಆಗುತ್ತಿದೆ.

ಹುಬ್ಬಳ್ಳಿ ಸರ್ವರ್ ರೂಮ್

ಮುಗಿದ ಮೇಲೆ ಆ ಡಿಸ್ಕನ್ನು ಬೇರೆ ಮಷೀನ್‌ಗೆ ಹಾಕಿ ಎರಡು ಪತ್ರಿಕೆ ಫೈಲ್ ತೆರೆದು ನೋಡಿ. ತೆರೆದರೆ, ದಿನಾ ಹೇಳಿದ ಸಮಯಕ್ಕೆ ತಾನೇ ಓಡಿಸುವ ಕ್ರಾನ್‌ಗೆ ಹಾಕೋಣ, ಸಮಯ ಎಷ್ಟಕ್ಕೆ ಬೇಕು ಹೇಳಿ.